ಮರೆತೆ ಎನ್ನುವವರೆಗೆ

ಹ್ಯಾಲಿಫ್ಯಾಕ್ಸಿನಲ್ಲಿ, ಹೆಬ್ಬಲ್ ತೊರೆಯ ಬದಿಗೆ, ಹಳೆಯ ಉಣ್ಣೆ ಗಿರಣಿ.
ಮಗ್ಗಗಳಿದ್ದ ಮೂರನೆಯ ಮಹಡಿಯಲ್ಲಿ
ಈಗ ನಮ್ಮ ಯಂತ್ರ. ಅರವತ್ತನಾಲ್ಕು ಕೋರು,
ಎರಡು ಬಣ, ನಡುವೆ ತಾಮ್ರದ ಒಂದು ಸೇತುವೆ.
ನೆಲದ ಹಲಗೆಗಳ ಸಂದಿನಿಂದ ಇನ್ನೂ ಕುರಿಯ ಜಿಡ್ಡು ನಾರುತ್ತದೆ
ಬಿಸಿಲು ಬಿದ್ದ ದಿನ; ಅಂದರೆ ಅಪರೂಪಕ್ಕೆ.

ದೂರದ ಬೆಟ್ಟ ನುಣ್ಣಗೆ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.
ದೂರದ ನೆನಪು ದೂರವೇ. ತನ್ನ ಬಣದ್ದಾದರೆ
ಕೈಗೆಟಕುವ ಗೂಡು; ಆಚೆಯದಾದರೆ
ಸೇತುವೆ ದಾಟಿ, ಸರದಿಯಲ್ಲಿ ನಿಂತು ತರಬೇಕು.
ಅದಕ್ಕೇ, ಮೊದಲು ಮುಟ್ಟಿದವನ ಮಗ್ಗುಲಲ್ಲೇ
ಹಾಳೆ ಹಾಸಿಕೊಡುತ್ತೇವೆ. ಮೊದಲು ಮುಟ್ಟಿದವನೇ
ಕೊನೆವರೆಗೂ ಬಳಸುತ್ತಾನೆಂಬ ನಂಬಿಕೆ.
ನಂಬಿಕೆ, ಅಷ್ಟೆ.

ಕೊಡುವುದು ಸುಲಭ. ಕಷ್ಟವೆಲ್ಲ ವಾಪಸು ಪಡೆಯುವುದರಲ್ಲಿ.
ಪ್ರತಿ ಕೋರಿನ ಜೇಬಿನಲ್ಲೂ ಚೀಟಿ:
ಇಂಥ ಹೆಸರು, ಇಂಥ ವಿಳಾಸ.
ಹಾಳೆಯನ್ನು ಬೇರೆಯವರಿಗೆ ಕೊಡುವ ಮುನ್ನ
ಎಲ್ಲರನ್ನೂ ತಟ್ಟಿ ಹೇಳಬೇಕು, ಹರಿದುಹಾಕಿ ಎಂದು.
ಎಲ್ಲರೂ, ಕೈಯಲ್ಲಿದ್ದ ಕೆಲಸ ಅರ್ಧಕ್ಕೆ ಬಿಟ್ಟು,
ಒಬ್ಬೊಬ್ಬರಾಗಿ ಅನ್ನಬೇಕು: ಮರೆತೆ.
ಒಬ್ಬ ಬಾಕಿ ಉಳಿದರೂ
ಕೇಳಿದವನು ಕಾಯುತ್ತಾನೆ, ಕಣ್ಣು ಮಿಟುಕಿಸದೆ.

ಮಂಗಳವಾರ ಬೆಳಗಿನ ಜಾವ ಮೂರು ಹತ್ತಕ್ಕೆ ಎಲ್ಲ ಹೆಪ್ಪುಗಟ್ಟಿತು.
ಫ್ಯಾನುಗಳು ಮಾತ್ರ ಅರಚುತ್ತಿದ್ದವು.
ಕೇಳಿದವನು ಹನ್ನೆರಡನೆಯವನು. ಅರವತ್ತೆರಡು ಕಡೆಯಿಂದ ಮರೆತೆ.
ನಲವತ್ತೊಂದನೆಯವನಿಂದ ಸದ್ದಿಲ್ಲ.

ರಾತ್ರಿ ಪಾಳಿಯ ಕಾವಲಿನ ಕ್ಲೆಮೆಂಟ್ ಸಗ್ಡನ್
ಎರಡು ಲೋಟ ಚಹಾ ತಂದು ತೆರೆಯ ಮುಂದೆ ಬಗ್ಗಿದ.
ಸತ್ತಿತಾ?
ಇಲ್ಲ, ಅಂದೆ. ಒಬ್ಬ ಮರೆಯಲೊಲ್ಲ.

ಕುರ್ಚಿ ಎಳೆದುಕೊಂಡ.
ಡೋರೀನ್ ಹೋದದ್ದು ಮಾರ್ಚಿನಲ್ಲಿ. ಬ್ಯಾಂಕಿಗೆ ಹೇಳಿದೆ,
ಗ್ಯಾಸಿನವರಿಗೆ, ಲೈಬ್ರರಿಗೆ, ಪಿಂಚಣಿ ಕಚೇರಿಗಂತೂ ಮೂರು ಸಲ.
ಹಾಲಿನವನಿಗೆ ಹೇಳಬೇಕಾಗಲಿಲ್ಲ,
ತಾನಾಗಿ ಒಂದು ಬಾಟಲಿ ಕಡಿಮೆ ಇಟ್ಟ.
ಕಿವಿಯಂತ್ರದ ಕ್ಲಿನಿಕ್ಕು ಮಾತ್ರ...
ಜೇಬಿನಿಂದ ಕಾಗದ ತೆಗೆದ. ಮಡಿಕೆ ಸವೆದಿತ್ತು.
ಶ್ರೀಮತಿ ಸಗ್ಡನ್ ಅವರೇ, ಗುರುವಾರ ಹತ್ತು ನಲವತ್ತಕ್ಕೆ ಬನ್ನಿ,
ಹಳೆಯ ಬ್ಯಾಟರಿಗಳನ್ನು ಮರೆಯದೆ ತನ್ನಿ.
ಫೋನು ಮಾಡಿದೆಯಾ?
ಇಲ್ಲ.

ಬೆಳಕು ಹರಿಯುವಷ್ಟರಲ್ಲಿ ಗಂಟು ಸಿಕ್ಕಿತು.
ಹನ್ನೆರಡನೆಯವನು ಬೀಗ ಹಿಡಿದುಕೊಂಡೇ ಕೂಗುಹಾಕಿದ್ದ;
ನಲವತ್ತೊಂದನೆಯವನು ಅದೇ ಬೀಗಕ್ಕೆ ಕಾಯುತ್ತ
ಕಿವಿ ಮುಚ್ಚಿಕೊಂಡು ನಿಂತಲ್ಲೇ ಗಿರಗಿರ.
ಅಂಚೆ ಕಚೇರಿಯ ಬಾಗಿಲಲ್ಲಿ ಎದುರಾದ ಇಬ್ಬರು ಸಭ್ಯಸ್ಥರು,
ನೀವು ಮೊದಲು, ಛೇ ಛೇ, ನೀವು,
ಹಿಂದೆ ಇಡೀ ಊರಿನ ಸಾಲು.

ಬೀಗ ಬಿಡು, ಆಮೇಲೆ ಕೂಗು.
ಮೇಲಿದ್ದ ಒಂದು ಸಾಲನ್ನು ಕೆಳಗಿಳಿಸಿದೆ. ರಾತ್ರಿಯಿಡೀ ಅದಕ್ಕೆ.
ಅರವತ್ತಮೂರು ಮರೆತೆ.
ಹಾಳೆಗೆ ಸೊನ್ನೆ ಸುರಿದು ತೊಳೆದು
ಯಾರೋ ಹೊಸಬನಿಗೆ ಕೊಟ್ಟಾಯಿತು.

ಕ್ಲೆಮೆಂಟ್ ಕೋಟು ತೊಡುತ್ತ ಕೇಳಿದ:
ಚೀಟಿ ಹರಿಯದೇ, ಸುಮ್ಮನೆ ಮರೆತೆ ಅಂದರೆ?

ಕೂಡಲೇ ಗೊತ್ತಾಗುವುದಿಲ್ಲ.
ಯಾವತ್ತೋ ಹಳೆಯ ವಿಳಾಸ ಹಿಡಿದು ಹೋಗುತ್ತಾನೆ,
ಒಳಗೆ ಬೇರೆ ಯಾರದೋ ಸಂಸಾರ;
ಅವರ ಗೋಡೆಯ ಮೇಲೆ ತನ್ನದನ್ನು ಬರೆದು ಬರುತ್ತಾನೆ.

ಹೂಂ ಅಂದ. ಕಾಗದ ಮಡಿಸಿದ,
ಹಳೆಯ ಮಡಿಕೆಯಲ್ಲೇ.

ಗುರುವಾರ ಹತ್ತೂವರೆಗೆ ನಾನು ಬಸ್ಸಿಗೆ ಕಾಯುತ್ತಿದ್ದೆ.
ಎದುರಿಗೆ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಅವನು, ಇಸ್ತ್ರಿಯ ಅಂಗಿ,
ಅಂಗೈಯಲ್ಲಿ ಅಂಗಿಗುಂಡಿಯಷ್ಟೇ ಇರುವ ಎರಡು ಬ್ಯಾಟರಿ.
ಕೈ ಬೀಸಬೇಕೆಂದುಕೊಂಡೆ. ಬಸ್ಸು ಬಂತು.