ಏಳನೇ ಮಶಿನ್ನು

ಆರು ವಾರ ಕಾದ ಮೇಲೆ ಬಂತು ಕೀಲಿ,
ಹನ್ನೆರಡು ಅಕ್ಷರ. ಇನ್ನೂ ಅಂಗಡಿಗೆ ಬಾರದ ತಂತ್ರಾಂಶ;
ಒಡೆದರೆ ಹೇಳಿ, ಎಂದಿದ್ದಾರೆ.

ಒಡೆಯಲು ನನ್ನಲ್ಲಿದ್ದದ್ದು
ಲೆಸ್ಟರಿನ ಈ ಲಾಂಡ್ರಿಯ ನಾಲ್ಕು ವರ್ಷದ ಚಿಲ್ಲರೆ ಲೆಕ್ಕ.
ಫೆಬ್ರವರಿ ಮೂವತ್ತು ಕೊಟ್ಟೆ, ನುಂಗಲಿಲ್ಲ. ಜಾಣ.
ಮೈನಸ್ ಮೂರು ಟವೆಲ್ ಕೊಟ್ಟೆ,
ಚಕಾರವೆತ್ತದೆ ಕೂಡಿಸಿಕೊಂಡಿತು.

ಆಮೇಲೆ ಗೆರೆ ಎಳೆದು, ಒಂದು ಚುಕ್ಕೆಗೆ ಕೆಂಪು ಬಳಿದು ಕೇಳಿತು:
ಗುರುವಾರ, ರಾತ್ರಿ ಎರಡು, ಏಳನೇ ಮಶಿನ್ನು,
ಸಾಲಿಗೆ ಸೇರದ ಅಂಕಿ. ಅಳಿಸಲೇ?

ಅದು ಡೆರಿಕ್. ಬೇಕರಿ ಪಾಳಿ ಮುಗಿಸಿ,
ಮೈತುಂಬ ಹಿಟ್ಟು, ಒಂದೇ ಅಂಗಿ ಒಗೆದು
ಒಣಗುವ ತನಕ ಬನಿಯನ್ನಿನಲ್ಲಿ ಕೂತು
ನನಗೊಂದು ಬನ್ನು ಕೊಡುವವನು.

ವರದಿಯಲ್ಲಿ ಬರೆದೆ:
ಮೈನಸ್ ಟವೆಲ್ಲು ಹೋಗಲಿ ಬಿಡಿ.
ಅಳಿಸುವ ಗುಂಡಿ ಮಾತ್ರ
ತೀರಾ ಕೈಗೆಟಕುವ ಹಾಗಿದೆ.