ಐದನೇ ತಪ್ಪು

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ
ಗಾಜಿನ ಕಿಟಕಿಯ ಹಿಂದೆ ಕೂರುವವನು ನಾನು.
ಹರಾಜಿನ ಗಂಟೆ ಒತ್ತುವವನು, ಲಾಟಿನ ನಂಬರು ಏರಿಸುವವನು,
ಪಾಸ್‌ವರ್ಡು ಮರೆತವರಿಗೆ ಬೈಯುತ್ತ ಹೊಸದು ಕೊಡುವವನು.

ಸೋಮವಾರ ಹತ್ತೂ ನಲವತ್ತಕ್ಕೆ
ಮೈಮೂನಾಬಿ ಕಿಟಕಿ ಬಡಿದಳು.
ಬಿಸಿನೀರಲ್ಲಿ ನೂಲೆಳೆದು ತುದಿ ಬಿಳಿಚಿದ ಬೆರಳು,
ಬೆರಳ ನಡುವೆ ಫೋನು, ಫೋನಿನಲ್ಲಿ ಕೆಂಪಕ್ಷರ:
ನಿಮ್ಮ ಖಾತೆಗೆ ಬೀಗ ಬಿದ್ದಿದೆ.
ಮೂವತ್ತು ನಿಮಿಷ ಬಿಟ್ಟು ಬನ್ನಿ.

‘ಒತ್ತಲೇ ಇಲ್ಲ ಸಾರ್, ಒಂದು ಸಲಾನೂ ತಪ್ಪು ಒತ್ತಲಿಲ್ಲ.’
ಎಲ್ಲರೂ ಹಾಗೇ ಅನ್ನೋದು, ಅಂದೆ.
ಹರಾಜು ಮುಗಿಯಲು ಇಪ್ಪತ್ತೇ ನಿಮಿಷ.
ಬೀಗ ಬಿಚ್ಚುವ ಹೊತ್ತಿಗೆ
ಅವಳು ಹಿಡಿದು, ಕಿವಿಯ ಬಳಿ ಅಲುಗಿಸಿ ಆರಿಸಿದ್ದ
ಮೂರು ಲಾಟೂ ಬೇರೆಯವರ ಗೋಣಿಯಲ್ಲಿ.

ಮಂಗಳವಾರವೂ.
ಬುಧವಾರವೂ, ಅದೇ ಹತ್ತೂ ನಲವತ್ತು.

ಗುರುವಾರ ಲಾಗ್ ತೆಗೆದು ನೋಡಿದೆ.
ಲಾಗ್ ಅಂದರೆ ಸಾಕ್ಷಿ ಹೇಳಲು ಬಂದ ಮಗು:
ಕಂಡಷ್ಟು ಹೇಳುತ್ತದೆ,
ಯಾರು ಅಂತ ಕೇಳಿದರೆ ಉಗುರು ಕಚ್ಚುತ್ತದೆ.
ನಾನೂರ ಹದಿನೇಳು, ತಪ್ಪು. ನಾನೂರ ಹದಿನೇಳು, ತಪ್ಪು.
ಐದೂ ತಪ್ಪು ಏಳು ಸೆಕೆಂಡಿನಲ್ಲಿ.
ಊಹಿಸುವ ಕಳ್ಳ ನಡುವೆ ತುಸು ಯೋಚಿಸುತ್ತಾನೆ,
ಮಗಳ ಹೆಸರೋ, ಹುಟ್ಟಿದ ಇಸವಿಯೋ ಅಂತ.
ಇವನು ಯೋಚಿಸಲೇ ಇಲ್ಲ.
ಇವನಿಗೆ ಸರಿ ಬೇಕಿರಲಿಲ್ಲ,
ತಪ್ಪೇ ಬೇಕಿತ್ತು.

ನಾನೂರ ಹದಿನೇಳು ಗುಟ್ಟೇನಲ್ಲ.
ಅವಳ ಲೈಸೆನ್ಸು. ಗೋಣಿಯ ಮೇಲಿದೆ, ಚೀಟಿಯ ಮೇಲಿದೆ,
ಬಾಯ್ಲರಿನ ಮಸಿಗೋಡೆಯ ಮೇಲೆ ಸುಣ್ಣದಲ್ಲಿದೆ,
ಇಡೀ ಮಾರ್ಕೆಟ್ಟು ಅವಳನ್ನು ಕೂಗುವುದೇ ಹಾಗೆ.
‘ನಂಬರು ಬದಲಾಯಿಸಿಕೋ’ ಅಂದರೆ
‘ಬುರ್ಖಾ ಹಾಕಬಹುದು ಸಾರ್,
ಹೆಸರಿಗೆ ಎಲ್ಲಿ ಹಾಕಲಿ?’ ಅಂದಳು. ನಗಲಿಲ್ಲ.

ಇನ್ನೊಂದು ಮಾತು ಹೇಳಿಬಿಡಬೇಕು.
ಐದು ಅಂತ ಬರೆದವನು ನಾನೇ.
ತರಬೇತಿಯ ದಿನ, ಊಟದ ಮೇಲಿನ ತೂಕಡಿಕೆಯಲ್ಲಿ,
ಎಷ್ಟು ತಪ್ಪಿಗೆ ಬೀಗ ಹಾಕೋಣ ಅಂದಾಗ
ಮೂರು ಕಡಿಮೆ, ಹತ್ತು ಜಾಸ್ತಿ ಅನ್ನಿಸಿತ್ತು.
ಬಿಚ್ಚುವ ಕೀ ಮಾತ್ರ ಬೆಂಗಳೂರಿನ ಕಚೇರಿಯಲ್ಲಿ.
ಅಲ್ಲಿಗೆ ಕಾಗದ ಹಾಕಬೇಕು.

ಈ ಊರಿನ ಕಸುಬೇ
ಒಳಗಿದ್ದದ್ದು ಹೊರಗೆ ಬಾರದ ಹಾಗೆ ನೋಡಿಕೊಳ್ಳುವುದು.
ಚಿಟ್ಟೆ ಬಾಗಿಲು ಕೊರೆದರೆ ಗೂಡು ಕೆಟ್ಟಿತು, ನೂಲು ತುಂಡು;
ಅದಕ್ಕೇ ಆತುರಾತುರವಾಗಿ ಬೇಯಿಸುತ್ತೇವೆ.
ಹೊರಗಿನವರನ್ನು ತಡೆಯುವ ಕಸುಬು ನಮಗೆ ಹೊಸದು.
ಕೈ ಕೂಡಿಲ್ಲ. ಯಾರನ್ನು ತಡೆದೆವೋ
ನೋಡಿಕೊಳ್ಳುವುದಿಲ್ಲ.

ಅಶ್ವತ್ಥರೆಡ್ಡಿ ಸಾಹೇಬರಿಗೆ ಹೇಳಿದೆ.
‘ಯಾರಾದರೂ ಒಳಗೆ ನುಗ್ಗಿದ್ದಾರೇನಯ್ಯಾ?’
ಇಲ್ಲ ಸಾರ್.
‘ದುಡ್ಡು ಹೋಗಿದೆಯೇ?’
ಇಲ್ಲ ಸಾರ್.
‘ಮತ್ತೆ? ಬೀಗ ಚೆನ್ನಾಗಿಯೇ ಇದೆ.’

ಶುಕ್ರವಾರ ಮೇಲಿನವರ ತಪಾಸಣೆ.
ಸಾಹೇಬರು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಾಗ
ನಾನು ಅವರ ಹೆಸರು ಬರೆದೆ,
ಕೆಳಗೆ ಏನೋ ಒಂದು ಬರೆದೆ. ಐದು ಸಲ.
ಬೇಕೆಂದೇ ತಪ್ಪು ಬರೆಯಲೂ ಕೈ ನಡುಗುತ್ತದೆ,
ನಾಲ್ಕನೆಯದರಲ್ಲಿ ಒಂದು ಕ್ಷಣ ನಿಂತೆ.
ಏಳು ಸೆಕೆಂಡಿನವನಷ್ಟು ಪಳಗಿಲ್ಲ ನಾನು.

ಒಳಗಿನ ಕೋಣೆಯಿಂದ ಕೂಗು ಬಂತು:
‘ಯಾರೋ ಒಳಗೆ ನುಗ್ಗಿದ್ದಾರೆ ಕಣೋ!’
ಇಲ್ಲ ಸಾರ್, ಯಾರೂ ಒಳಗಿಲ್ಲ.
ನೀವು ಹೊರಗಿದ್ದೀರಿ, ಅಷ್ಟೇ.

ಮಧ್ಯಾಹ್ನವೇ ಕಾಗದ ಹೋಯಿತು. ನನ್ನ ಮೇಲೆ ಇನ್ನೊಂದು ಕಾಗದ,
ಅದು ಬೇರೆ ಕತೆ.
ಐದು ಇನ್ನೂ ಐದೇ.

ಶನಿವಾರ ಹತ್ತೂವರೆಯಿಂದಲೇ
ಮೈಮೂನಾಬಿ ನನ್ನ ಕಿಟಕಿಯ ಹತ್ತಿರ ನಿಂತಿದ್ದಾಳೆ.
ಎರಡು ಗೂಡು ಅಂಗೈಯಲ್ಲಿ,
ಅಲುಗಿಸುತ್ತಾಳೆ, ಕೇಳುತ್ತಾಳೆ.
ಆ ಮನೆಯಲ್ಲಿ ಬಾಯ್ಲರಿಗೆ ಬೆಂಕಿ ಹಾಕಿ
ನಾಲ್ವರು ಹೆಂಗಸರು ಕಾಯುತ್ತಿರಬೇಕು,
ಒಣಗಿದ ಬೆರಳುಗಳಲ್ಲಿ.

ಗಡಿಯಾರದಲ್ಲಿ ಹತ್ತೂ ಮೂವತ್ತೊಂಬತ್ತು.
ಇಬ್ಬರೂ ಫೋನನ್ನೇ ನೋಡುತ್ತಿದ್ದೇವೆ.