ತೊಂಬತ್ತು ಡಿಗ್ರಿ

ನವಿಲೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ.
ಕತ್ತಲ ಕೋಣೆಯ ಹಸಿರು ಬಲ್ಬಿನಡಿ
ಹನ್ನೆರಡು ಗಾಜಿನ ತಟ್ಟೆ, ಒಂದೊಂದರಲ್ಲೂ
ತಿಳಿಗಂಜಿ ಹೆಪ್ಪುಗಟ್ಟಿದಂಥ ಅಂಟಿನ ಮೇಲೆ
ಸಾಲಾಗಿ ಏಳು ಸಾಸಿವೆ ಮೊಳಕೆ.
ನಾಲ್ಕು ದಿನದ ಬೇರು, ಹೊಲಿಗೆ ದಾರದಷ್ಟೇ,
ನೆಟ್ಟಗೆ ಕೆಳಗೆ.

ನಾಝಿಮಾ ಹೇಳಿ ಹೋಗಿದ್ದಳು:
"ರಾಯಪ್ಪಣ್ಣ, ಎಂಟಕ್ಕೆ ಸರಿಯಾಗಿ
ತಟ್ಟೆಗಳನ್ನು ಅಡ್ಡ ತಿರುಗಿಸಿ.
ಗಂಟೆಗೊಂದು ಗುರುತು. ನಿದ್ದೆ ಮಾಡಬೇಡಿ."
ತಿರುಗಿಸಿದೆ.
ಸದ್ದಿಲ್ಲದೆ ಒಂದು ಲೋಕ
ಮಗ್ಗುಲಾಯಿತು.

ಹಾಗಾದರೆ ಹೇಗಿರುತ್ತದೆ, ನನಗೆ ಗೊತ್ತು.
ಕಳೆದ ಮಂಗಳವಾರ ಹಾಸಿಗೆಯಲ್ಲಿ ಹೊರಳಿದೆ, ಅಷ್ಟೇ,
ಗೋಡೆ ಸೂರಿಗೆ ಹೋಯಿತು, ಫ್ಯಾನು ನೆಲಕ್ಕೆ ಬಂತು.
ಹೆಂಡತಿ ಹಿಡಿದ ಚೊಂಬಿನ ನೀರು ಮಾತ್ರ
ಯಾಕೋ ಚೆಲ್ಲದೆ ನಿಂತಿತ್ತು.
ಶಿಕಾರಿಪುರದವರು, ಹುಚ್ಚುರಾಯಪ್ಪ ಅಂತ ಹೆಸರಿಟ್ಟಿದ್ದಾರೆ,
ಅರ್ಧ ಹೆಸರು ಈಗ ನಿಜವಾಯ್ತು ಅಂದುಕೊಂಡೆ.

ಮೆಗ್ಗಾನ್ ಆಸ್ಪತ್ರೆಯ ಡಾಕ್ಟರಮ್ಮ ನಕ್ಕರು:
"ಕಿವಿಯೊಳಗೆ ಪುಡಿಗಲ್ಲು ಇರುತ್ತವಪ್ಪ.
ಅವು ಎಳೆದ ಕಡೆ ಕೆಳಗು.
ನಿಮ್ಮವು ಜಾಗ ತಪ್ಪಿವೆ."
ತಲೆ ಹಿಡಿದು ಎಡಕ್ಕೆ ಕೆಡವಿದರು, ಬಲಕ್ಕೆ ಹೊರಳಿಸಿದರು,
ಎತ್ತಿ ಕೂರಿಸಿದರು,
ಮೊರದಲ್ಲಿ ಅಕ್ಕಿ ಕೇರಿದ ಹಾಗೆ.
ಆದರೆ ಕಲ್ಲು ಆರಿಸಿ ಎಸೆಯಲಿಲ್ಲ.
ಅದರ ಮನೆಗೆ ಸೇರಿಸಿದರು.

ಈ ಕತೆ ಕೇಳಿದ್ದೇ ನಾಝಿಮಾ
ಸೂಕ್ಷ್ಮದರ್ಶಕದ ಮುಂದೆ ಎಳೆದು ಕೂರಿಸಿದಳು.
ಬೇರಿನ ತುದಿಗೊಂದು ಟೋಪಿ,
ಟೋಪಿಯೊಳಗೆ ಪುಟ್ಟ ಪುಟ್ಟ ಕೋಣೆ,
ಕೋಣೆಯ ತಳದಲ್ಲಿ ನಾಲ್ಕೈದು ಪಿಷ್ಟದ ಕಾಳು.
"ನಿಮ್ಮ ಕಲ್ಲು," ಅಂದಳು.

ಎಂಟೂವರೆ.
ಕಾಳುಗಳು ಇಷ್ಟರಲ್ಲಿ ಜಾರಿರುತ್ತವೆ.
ಆಗಿನ ಗೋಡೆ ಈಗಿನ ನೆಲ.
ಅವು ಬಿದ್ದ ಕಡೆಗೇ ಬಾಗಿಲುಗಳೂ ತೆರೆಯುತ್ತವೆ,
ಆಕ್ಸಿನ್ ಹರಿದು
ಕೆಳಬದಿಯ ಕೋಶಗಳಲ್ಲಿ ಮಡುಗಟ್ಟುತ್ತದೆ.

ಬೆಳವಣಿಗೆಯ ಹಾರ್ಮೋನು ಅಂದರೆ
ಯೂರಿಯಾ ಇದ್ದ ಹಾಗೆ, ಬಿದ್ದಲ್ಲಿ ಉಬ್ಬಬೇಕು ಅಂತ
ಇಪ್ಪತ್ತಾರು ವರ್ಷ ಗಾಜು ತೊಳೆಯುತ್ತಾ ನಂಬಿದ್ದೆ.
ಚಿಗುರಿನಲ್ಲಿ ಹಾಗೇ ಅಂತೆ:
ಕೋಶದ ಗೋಡೆ ಹುಳಿಯಾಗಿ, ಸಡಿಲಾಗಿ,
ರುಬ್ಬಿಟ್ಟ ಹಿಟ್ಟು ಉಕ್ಕಿದ ಹಾಗೆ ಮೇಲಕ್ಕೆ.
ಬೇರಿಗೆ ಮಾತ್ರ ಅದೇ ಮಾತು ಬೇರೆ.
ಹುಳಿ ಇಳಿಯುತ್ತದೆ, ಗೋಡೆ ಬಿಗಿಯುತ್ತದೆ,
ನಿಮಿಷ ಕಳೆಯುವುದರೊಳಗೆ
ಕೆಳಬದಿ ಗಕ್ಕನೆ ತಡೆಯುತ್ತದೆ.
ಅಷ್ಟಾಗಿ ಸುದ್ದಿ ಮುಟ್ಟದ ಮೇಲ್ಬದಿ
ತನ್ನ ಪಾಡಿಗೆ ಉದ್ದವಾಗುತ್ತದೆ.

ಹೊನ್ನಾಳಿ ರಸ್ತೆಯ ತಿರುವಿನಲ್ಲಿ ಅಪ್ಪ
ಒಳಗಿನ ಎತ್ತಿನ ಹಗ್ಗ ಜಗ್ಗಿ ಹಿಡಿಯುತ್ತಿದ್ದ.
ಹೊರಗಿನದಕ್ಕೆ ಏನೂ ಹೇಳುತ್ತಿರಲಿಲ್ಲ.
ಗಾಡಿ ತಾನಾಗಿ ತಿರುಗುತ್ತಿತ್ತು.

ಹನ್ನೊಂದು ಗಂಟೆ. ಬೇರುಗಳ ಮೂಗು ಬಾಗಿದೆ.
ಒಂದು ಗಂಟೆ. ಗಾಳದ ಕೊಕ್ಕೆ.
ಗಾಜಿನ ಮೇಲೆ ನನ್ನ ಪೆನ್ನಿನ ಚುಕ್ಕಿ ಹಿಂದೆ ಬಿದ್ದಿವೆ.

ಹನ್ನೆರಡನೇ ತಟ್ಟೆಯವು ಕಿವುಡು.
ಆಕ್ಸಿನ್ ಅಲ್ಲೂ ಇದೆ, ಹಿಡಿದುಕೊಳ್ಳುವ ಕೈ ಇಲ್ಲ,
ಅಂಥದ್ದೇ ಬೀಜ ತರಿಸಿದ್ದಾರೆ, ಹೋಲಿಸಿ ನೋಡಲಿಕ್ಕೆ.
ಏಳೂ ಬೇರು ಅಡ್ಡಕ್ಕೇ ಹೋಗುತ್ತಿವೆ, ನಿಧಾನ,
ತಟ್ಟೆಯ ಅಂಚಿನ ಕಡೆಗೆ,
ತಪ್ಪಿದ್ದೇನು ಅಂತ ತಿಳಿಯದೆ.
ಮತ್ತೆ ನೆಟ್ಟಗೆ ನಿಲ್ಲಿಸಲೇ ಅನ್ನಿಸಿತು.
ಕೈ ತಟ್ಟೆಯವರೆಗೂ ಹೋಯಿತು.
ನಿಲ್ಲಿಸಿದರೂ
ಯಾರಿಗೆ ಗೊತ್ತಾಗಬೇಕು,
ನಾಝಿಮಾಗಲ್ಲದೆ.

ಪುಸ್ತಕದಲ್ಲಿ ಬರೆದೆ:
ತಟ್ಟೆ ಹನ್ನೆರಡು. ಮೂರು ಗಂಟೆ. ಬಾಗಿಲ್ಲ.

ಆಮೇಲೆ ಬೆಂಚಿನ ಮೇಲೆ ಹತ್ತು ನಿಮಿಷ ಒರಗಿದೆ.
ಏಳುವಾಗ ಮೊದಲು ಬಲಮಗ್ಗುಲು,
ಆಮೇಲೆ ಮೊಣಕೈ ಊರಿ, ಮೆಲ್ಲಗೆ.
ನೆಲ ಇತ್ತು.